ಬಡ್ಜಿ ಹಕ್ಕಿ ದಿನವಿಡೀ ಕಡಿಯುತ್ತದೆ, ಆದರೂ ಕೊಕ್ಕು ಬೆಳೆಯುತ್ತಲೇ ಇದೆ: ಮನೆಯಲ್ಲೇ ಕತ್ತರಿಸಬಹುದೇ?

ಹಸಿರುರೆಕ್ಕೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಹೆಣ್ಣು ಬಡ್ಜಿಯೊಂದಿದೆ (ಗಿಳಿಯ ಜಾತಿಯ ಪುಟ್ಟ ಹಕ್ಕಿ), ಹೆಸರು ಚಿನ್ನಿ. ಪಂಜರದಿಂದ ಹೊರಗೆ ಬಿಟ್ಟ ಕೂಡಲೇ ಅವಳು ಪುಸ್ತಕದ ಕಪಾಟಿಗೆ ಹಾರಿ, ಪುಸ್ತಕಗಳ ಬೆನ್ನನ್ನು ಅಂಚಿನಿಂದ ಅಂಚಿಗೆ ಕಚ್ಚಿ ಹಲ್ಲಿನಂತೆ ಮಾಡಿಬಿಡುತ್ತಾಳೆ. ಬಾಗಿಲ ಚೌಕಟ್ಟಿನ ಮೂಲೆಯೊಂದನ್ನು ಆಗಲೇ ಬೆರಳಿನಷ್ಟು ಕೊರೆದಿದ್ದಾಳೆ, ಸಂಜೆಯಾದರೆ ಪಂಜರದ ಸರಳುಗಳನ್ನು ಕಚ್ಚುವ ಸದ್ದು ನಿಲ್ಲುವುದೇ ಇಲ್ಲ.

ನನ್ನನ್ನು ಕಾಡುತ್ತಿರುವುದು ಇದಲ್ಲ. ಇಷ್ಟೆಲ್ಲ ಕಡಿಯುವ ಹಕ್ಕಿಯ ಕೊಕ್ಕು ಸವೆಯಬೇಕಲ್ಲವೇ? ಕಳೆದ ಮೂರು ತಿಂಗಳಲ್ಲಿ ಅವಳ ಮೇಲ್ಕೊಕ್ಕು ಎಷ್ಟು ಉದ್ದವಾಗಿದೆಯೆಂದರೆ, ತಲೆ ಬಗ್ಗಿಸಿದಾಗ ಅದರ ತುದಿ ಗಂಟಲಿನ ಗರಿಗಳೊಳಗೆ ಹುದುಗಿಹೋಗುತ್ತದೆ. ನೇಲ್ ಕಟರ್‌ನಿಂದ ತುದಿಯನ್ನು ಕತ್ತರಿಸಿದರೆ ಸಾಕು ಎಂದು ಪರಿಚಿತರೊಬ್ಬರು ಹೇಳಿದರು. ನಿನ್ನೆ ಅವಳನ್ನು ಕೈಯಲ್ಲಿ ಹಿಡಿದು, ದೀಪದ ಬೆಳಕಿಗೆ ಕೊಕ್ಕನ್ನು ಒಡ್ಡಿ ನೋಡಿದೆ. ಒಳಗೆ ಕಂದುಗೆಂಪು ಬಣ್ಣದ ಗೆರೆಯೊಂದು ಕಾಣಿಸಿತು. ಕೈ ನಡುಗಿ ಬಿಟ್ಟುಬಿಟ್ಟೆ. ಕತ್ತರಿಸಬಹುದೇ, ಕತ್ತರಿಸುವುದಾದರೆ ಎಲ್ಲಿಯವರೆಗೆ, ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಪಂಜರಮಿತ್ರ:
ಕತ್ತರಿಸಬೇಡಿ. ಹಕ್ಕಿಗಳನ್ನು ನೋಡಿ ಅನುಭವವಿರುವ ವೈದ್ಯರಿಗೆ ಮೊದಲು ತೋರಿಸಿ.

ಮೂರುಜೋಡಿ:
ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಹನ್ನೆರಡು ವರ್ಷಗಳಿಂದ ಬಡ್ಜಿಗಳನ್ನು ಸಾಕುತ್ತಿದ್ದೇನೆ. ಕತ್ತರಿ ಬೇಡ ಎಂಬುದು ಸರಿ, ಆದರೆ ಉಗುರು ಉಜ್ಜುವ ನುಣುಪಾದ ಅರದಿಂದ ತುದಿಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಿದರೆ ಯಾವ ಅಪಾಯವೂ ಆಗದು. ನನ್ನ ಗಂಡು ಹಕ್ಕಿಯೊಂದಕ್ಕೆ ಎರಡು ತಿಂಗಳಿಗೊಮ್ಮೆ ಹೀಗೆಯೇ ಮಾಡುತ್ತಿದ್ದೇನೆ. ಹಕ್ಕಿಯ ವೈದ್ಯರು ಎಲ್ಲ ಕಡೆಯೂ ಸಿಗುವುದಿಲ್ಲ. ಅವರು ಸಿಗುವವರೆಗೆ ಹಕ್ಕಿ ಕಾಳು ಬಿಡಿಸಲಾಗದೆ ಹಸಿದಿರಬೇಕೇ?

ಗರಿಗಣಕ:
ಹಸಿರುರೆಕ್ಕೆ ಅವರು ನೋಡಿದ ಗೆರೆಯ ವಿಷಯಕ್ಕೆ ಬರುವ ಮೊದಲು, ಕೊಕ್ಕು ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದನ್ನು ಉಗುರಿನಂತೆ ಭಾವಿಸುವುದರಿಂದಲೇ ಹೆಚ್ಚಿನ ಅನಾಹುತಗಳು ಆಗುತ್ತವೆ. ಕೊಕ್ಕಿನ ಒಳಗೆ ಮೂಳೆಯಿದೆ. ಆ ಮೂಳೆಯ ಮೇಲೆ ರಕ್ತನಾಳಗಳೂ ನರಗಳೂ ಹರಡಿರುವ ತೆಳುವಾದ ಜೀವಂತ ಪದರವಿದೆ, ಅದರ ಮೇಲೆ ಕೆರಾಟಿನ್ ಎಂಬ ಗಟ್ಟಿ ಹೊದಿಕೆಯಿದೆ. ನಮಗೆ ಹೊರಗೆ ಕಾಣುವುದು ಈ ಹೊದಿಕೆ ಮಾತ್ರ, ಮತ್ತು ಅದು ಹಕ್ಕಿ ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಗಿಳಿಯ ಜಾತಿಯ ಹಕ್ಕಿಗಳಲ್ಲಿ ಕೊಕ್ಕಿನ ತುದಿಯ ಬಳಿ ಸ್ಪರ್ಶವನ್ನು ಗ್ರಹಿಸುವ ಸೂಕ್ಷ್ಮ ಅಂಗವೂ ಇರುವುದರಿಂದ, ನಾವು ಬೆರಳ ತುದಿಯಿಂದ ಮಾಡುವ ಕೆಲಸವನ್ನು ಅವು ಕೊಕ್ಕಿನ ತುದಿಯಿಂದ ಮಾಡುತ್ತವೆ.

ಇನ್ನು ರಕ್ತದ ಲೆಕ್ಕ. ಸಾಮಾನ್ಯ ಬಡ್ಜಿಯ ತೂಕ 30ರಿಂದ 40 ಗ್ರಾಂ. ಹಕ್ಕಿಯ ದೇಹದಲ್ಲಿರುವ ರಕ್ತ ಅದರ ತೂಕದ ಸುಮಾರು ಹತ್ತನೆಯ ಒಂದು ಭಾಗ, ಅಂದರೆ 35 ಗ್ರಾಂ ಹಕ್ಕಿಯಲ್ಲಿ ಒಟ್ಟು ಮೂರೂವರೆ ಮಿಲಿಲೀಟರ್. ಆರೋಗ್ಯವಂತ ಹಕ್ಕಿಯೂ ಅದರಲ್ಲಿ ಹತ್ತನೆಯ ಒಂದು ಭಾಗವನ್ನಷ್ಟೇ ನಿಶ್ಚಿಂತೆಯಿಂದ ಕಳೆದುಕೊಳ್ಳಬಲ್ಲದು, ಅದು ಏಳೆಂಟು ಹನಿಗಿಂತ ಹೆಚ್ಚಿಲ್ಲ. ಬೆಳೆದ ಕೊಕ್ಕಿನಲ್ಲಿ ರಕ್ತನಾಳವೂ ಕೆಲವೊಮ್ಮೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಆದ್ದರಿಂದ "ಎಲ್ಲಿಯವರೆಗೆ ಕತ್ತರಿಸಬೇಕು" ಎಂಬುದಕ್ಕೆ ಹೊರಗಿನಿಂದ ನೋಡಿ ಹೇಳಬಹುದಾದ ಅಳತೆಯೇ ಇಲ್ಲ.

ನೀಲಿಮೂಗು:
ಗರಿಗಣಕ ಅವರು ಹೇಳಿದ ಏಳೆಂಟು ಹನಿಯನ್ನು ನಾನು ಕಣ್ಣಾರೆ ಎಣಿಸಿದ್ದೇನೆ. ಐದು ವರ್ಷಗಳ ಹಿಂದೆ ನಮ್ಮ ಬಡ್ಜಿಯ ಕೊಕ್ಕನ್ನು ನಾನೇ ನೇಲ್ ಕಟರ್‌ನಿಂದ ಕತ್ತರಿಸಿದೆ. ತುದಿಯಷ್ಟೇ ಹೋಗಬಹುದೆಂದುಕೊಂಡಿದ್ದೆ. ಕಟರ್ ಒತ್ತಿದಾಗ ಕೊಕ್ಕು ಕತ್ತರಿಸಿಕೊಳ್ಳುವ ಬದಲು ಒಣಗಿದ ಬಿದಿರಿನಂತೆ ಉದ್ದಕ್ಕೆ ಸೀಳಿತು. ಮೊದಲು ಏನೂ ಕಾಣಲಿಲ್ಲ. ನಂತರ ಸೀಳಿನ ಮೂಲದಿಂದ ಒಂದು ಹನಿ ಮೂಡಿತು, ಅದನ್ನು ಒರೆಸುವಷ್ಟರಲ್ಲಿ ಇನ್ನೊಂದು. ಕಾರ್ನ್‌ಫ್ಲೋರ್ ಹಿಟ್ಟನ್ನು ಬೆರಳಿನಿಂದ ಅದುಮಿ ಹಿಡಿದು ರಕ್ತ ನಿಲ್ಲಿಸಿ, ಹಕ್ಕಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವೈದ್ಯರ ಬಳಿಗೆ ಓಡಿದೆ. ಅದು ಬದುಕಿತು. ಆದರೆ ಎರಡು ದಿನ ಒಂದು ಕಾಳನ್ನೂ ಬಿಡಿಸಲಿಲ್ಲ. ಕಾಳಿನ ಬಟ್ಟಲಿನ ಮುಂದೆ ಕುಳಿತು, ಒಂದನ್ನು ಎತ್ತಿಕೊಂಡು, ನಾಲಿಗೆಯಿಂದ ಹೊರಳಿಸಿ, ನೋವಾದಂತೆ ಕೆಳಗೆ ಬಿಟ್ಟುಬಿಡುತ್ತಿತ್ತು. ನೆನೆಸಿ ಮೆದುಮಾಡಿದ ಆಹಾರವನ್ನು ತಿನ್ನಿಸಿ ಆ ಎರಡು ದಿನಗಳನ್ನು ದಾಟಿಸಿದೆವು. ದಯವಿಟ್ಟು ಆ ಕಟರ್ ಅನ್ನು ಮುಟ್ಟಬೇಡಿ.

ಮೂರುಜೋಡಿ:
ನೀಲಿಮೂಗು ಅವರ ಅನುಭವ ಓದಿ ಬೇಸರವಾಯಿತು. ಆದರೆ ನಾನು ಹೇಳಿದ್ದು ಅರದ ವಿಷಯ, ಕಟರ್ ವಿಷಯವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಪೊಟರೆವಾಸಿ:
ಅರದಿಂದ ಕೊಕ್ಕು ಸೀಳುವ ಭಯ ಕಡಿಮೆ ಎಂಬುದನ್ನು ಒಪ್ಪೋಣ. ಆದರೆ ಅರವನ್ನು ಆಡಿಸಲು ಹಕ್ಕಿಯನ್ನು ಹಿಡಿಯಲೇಬೇಕಲ್ಲ? ಹಕ್ಕಿಗಳಿಗೆ ನಮ್ಮಂತೆ ಉಸಿರಾಟಕ್ಕೆ ನೆರವಾಗುವ ವಪೆ ಇರುವುದಿಲ್ಲ, ಎದೆಯ ಮೂಳೆ ಹಿಂದೆ ಮುಂದೆ ಚಲಿಸಿದರಷ್ಟೇ ಗಾಳಿ ಒಳಗೆ ಬರುತ್ತದೆ. ಗಾಬರಿಯಾದ ಹಕ್ಕಿ ಕೊಸರಿದಾಗ ನಮ್ಮ ಬೆರಳುಗಳು ತಾವಾಗಿಯೇ ಬಿಗಿಯಾಗುತ್ತವೆ, ಎದೆ ಅದುಮಿಹೋದರೆ ಅದು ನಮ್ಮ ಅಂಗೈಯಲ್ಲೇ ಉಸಿರುಗಟ್ಟುತ್ತದೆ. ವೈದ್ಯರು ಕುತ್ತಿಗೆಯನ್ನು ಎರಡು ಬೆರಳ ನಡುವೆ ಹಿಡಿದು ಎದೆಯನ್ನು ಪೂರ್ತಿ ಬಿಡುವಾಗಿಡುವುದನ್ನು ನೋಡಿದರೆ, ಅದು ಅಭ್ಯಾಸದಿಂದ ಬರುವ ಕೌಶಲವೆಂದು ಗೊತ್ತಾಗುತ್ತದೆ.

ನಿಮಗೆ ಇನ್ನೊಂದು ಪ್ರಶ್ನೆ. ನಿಮ್ಮ ಬಳಿ ಆರು ಹಕ್ಕಿಗಳಿರಬೇಕು. ಎಲ್ಲವಕ್ಕೂ ಎರಡು ತಿಂಗಳಿಗೊಮ್ಮೆ ಉಜ್ಜುತ್ತೀರಾ?

ಮೂರುಜೋಡಿ:
ಇಲ್ಲ, ಆ ಒಂದು ಗಂಡು ಹಕ್ಕಿಗೆ ಮಾತ್ರ. ಉಳಿದ ಐದರ ಕೊಕ್ಕುಗಳು ತಾವಾಗಿಯೇ ಸರಿಯಾಗಿವೆ.

ಗರಿಗಣಕ:
ಈ ಚರ್ಚೆಯ ಗಂಟು ಇರುವುದು ಇಲ್ಲಿಯೇ. ಐದು ಹಕ್ಕಿಗಳು ಅದೇ ಪಂಜರದಲ್ಲಿ, ಅದೇ ಕಾಳು ತಿಂದು, ಅದೇ ಕೋಲುಗಳ ಮೇಲೆ ಕುಳಿತು ಕೊಕ್ಕನ್ನು ಅಳತೆಯಲ್ಲಿಟ್ಟುಕೊಂಡಿವೆ, ಆರನೆಯದು ಮಾತ್ರ ಇಟ್ಟುಕೊಂಡಿಲ್ಲ ಎಂದರೆ, ಆರನೆಯ ಹಕ್ಕಿಗೆ ಏನೋ ಆಗಿದೆ ಎಂದು ಅರ್ಥ. ಆರೋಗ್ಯವಂತ ಬಡ್ಜಿಯ ಕೊಕ್ಕನ್ನು ಯಾರೂ ಕತ್ತರಿಸಬೇಕಾಗಿಲ್ಲ. ಸಂಜೆ ನಿದ್ದೆಗೆ ಜಾರುವ ಮೊದಲು ಹಕ್ಕಿ ಕರಕರ ಸದ್ದು ಮಾಡುತ್ತಾ ಕೊಕ್ಕು ಮಸೆಯುವುದನ್ನು ಎಲ್ಲರೂ ಕೇಳಿರುತ್ತೀರಿ. ಕೆಳಕೊಕ್ಕಿನ ಅಂಚು ಮೇಲ್ಕೊಕ್ಕಿನ ಒಳಮೈಗೆ ಉಜ್ಜಿ ಎರಡೂ ಒಂದನ್ನೊಂದು ಸವೆಸುತ್ತಿರುವ ಸದ್ದು ಅದು. ಊಟವಾದ ಮೇಲೆ ಕೊಕ್ಕನ್ನು ಕೋಲಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸುವುದರಿಂದಲೂ ಸ್ವಲ್ಪ ಸವೆಯುತ್ತದೆ. ಹಸಿರುರೆಕ್ಕೆ ಅವರ ಮೊದಲ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ: ಪುಸ್ತಕವನ್ನೂ ಚೌಕಟ್ಟನ್ನೂ ಕಡಿಯುವುದರಿಂದ ಆಗುವ ಸವೆತ ಚಿಕ್ಕದು, ಕೊಕ್ಕಿಗೆ ಕೊಕ್ಕು ಉಜ್ಜಿ ಆಗುವುದೇ ದೊಡ್ಡದು. ಒಳಗಿನ ಕಾಯಿಲೆಯಿಂದ ಕೆರಾಟಿನ್ ವೇಗವಾಗಿ ಅಥವಾ ಮೆತ್ತಗೆ ಬೆಳೆಯತೊಡಗಿದರೆ, ಎಷ್ಟು ಕಡಿದರೂ ಸವೆತ ಬೆಳವಣಿಗೆಯನ್ನು ಹಿಂದಿಕ್ಕಲಾರದು.

ಬಡ್ಜಿಗಳಲ್ಲಿ ಇದಕ್ಕೆ ಕಾರಣಗಳು ಹಲವು. ಬರೀ ಕಾಳನ್ನೇ ತಿಂದು ಯಕೃತ್ತಿನಲ್ಲಿ ಕೊಬ್ಬು ತುಂಬುವುದು ಮುಖ್ಯವಾದದ್ದು. ಮುಖದ ಚರ್ಮದೊಳಗೆ ಬಿಲ ತೋಡುವ ನೆಮಿಡೋಕಾಪ್ಟಿಸ್ ಎಂಬ ನುಸಿ ಇನ್ನೊಂದು. ಹಳೆಯ ಪೆಟ್ಟಿನಿಂದ ಮೇಲಿನ ಮತ್ತು ಕೆಳಗಿನ ಕೊಕ್ಕು ಒಂದಕ್ಕೊಂದು ಕೂಡದಂತಾಗುವುದೂ ಉಂಟು. ಬೆಳೆದ ಕೊಕ್ಕಿನೊಳಗೆ ಕಂದುಗೆಂಪು ಗೆರೆಗಳು ಅಥವಾ ಕಲೆಗಳು ಕಾಣಿಸಿದರೆ ಅವು ಬರೀ ರಕ್ತನಾಳವಾಗಿರದೆ ಒಳಗೆ ಒಸರಿ ಹೆಪ್ಪುಗಟ್ಟಿದ ರಕ್ತವೂ ಆಗಿರಬಹುದು, ಮತ್ತು ಯಕೃತ್ತಿನ ಕಾಯಿಲೆ ಇರುವ ಬಡ್ಜಿಗಳಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಹಸಿರುರೆಕ್ಕೆ ಅವರೇ, ಆ ಗೆರೆಯನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು, ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಮೂರುಜೋಡಿ ಅವರೇ, ನಿಮ್ಮ ಗಂಡು ಹಕ್ಕಿಯ ಬಾಯಿಯ ಮೂಲೆಗಳನ್ನೂ ಮೂಗಿನ ಮೇಲಿನ ನೀಲಿ ಭಾಗವನ್ನೂ ಟಾರ್ಚ್ ಬೆಳಕಿನಲ್ಲಿ ಒಮ್ಮೆ ನೋಡುವಿರಾ?

ಮೂರುಜೋಡಿ:
ನೋಡಿದೆ. ಬಾಯಿಯ ಎರಡೂ ಮೂಲೆಗಳಲ್ಲಿ ಬೂದು ಬಣ್ಣದ ಹುರುಪೆ ಇದೆ, ಮೊದಲಿನಿಂದಲೂ ಇತ್ತು. ವಯಸ್ಸಾದ್ದರಿಂದ ಹಾಗಿದೆ ಎಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಅದರ ತುಂಬ ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳಿವೆ.

ಪೊಟರೆವಾಸಿ:
ಜೇನುಗೂಡಿನಂತೆ ರಂಧ್ರಗಳಿರುವ ಆ ಹುರುಪೆ ನುಸಿಯ ಗುರುತು. ವೈದ್ಯರು ಹುರುಪೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಂಡು, ಐವರ್‌ಮೆಕ್ಟಿನ್‌ನಂಥ ಔಷಧವನ್ನು ಹಕ್ಕಿಯ ತೂಕಕ್ಕೆ ತಕ್ಕಂತೆ ಕೊಡುತ್ತಾರೆ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಕೊಡಬೇಕಾಗುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಇಷ್ಟು ಚಿಕ್ಕ ಜೀವಕ್ಕೆ ವಿಷವಾಗುತ್ತದೆ, ಆದ್ದರಿಂದ ನೀವೇ ತಂದು ಹಾಕಬೇಡಿ. ಜೊತೆಯಲ್ಲಿರುವ ಹಕ್ಕಿಗಳಿಗೂ ಅದು ಹರಡಬಹುದು, ಹೋಗುವಾಗ ಆ ಐದನ್ನೂ ತೋರಿಸಿ ಬನ್ನಿ.

ಮೂರುಜೋಡಿ:
ಕರೆದುಕೊಂಡು ಹೋಗುತ್ತೇನೆ. ಇಷ್ಟು ವರ್ಷ ಸಾಕಿಯೂ ಇದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನಿಜವಾಗಿಯೂ ಸಂಕಟವಾಗುತ್ತಿದೆ. ಆದರೂ ಒಂದು ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ: ಉಜ್ಜಿದ ಮೇಲೆ ಅದು ನೆಮ್ಮದಿಯಾಗಿ ಕಾಳು ತಿನ್ನುತ್ತಿತ್ತು. ಉಜ್ಜದೇ ಇದ್ದಿದ್ದರೆ ಅದಕ್ಕೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಗರಿಗಣಕ:
ಅದು ನಿಜವಿರಬಹುದು, ವೈದ್ಯರೂ ಕಾರಣಕ್ಕೆ ಔಷಧ ಕೊಡುವುದರ ಜೊತೆಗೆ ಉದ್ದವಾದ ಭಾಗವನ್ನು ಉಜ್ಜಿಯೇ ಕಳುಹಿಸುತ್ತಾರೆ. ಉಜ್ಜಿ ಅಷ್ಟಕ್ಕೇ ನಿಲ್ಲಿಸಿಬಿಡುವುದಕ್ಕೆ ಮಾತ್ರ ನನ್ನ ವಿರೋಧ.

ಕಾಗದಚೂರು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಕಡಿಯುವ ಚಟದ ಬಗ್ಗೆ ಕೇಳಬೇಕು. ನಮ್ಮ ಹೆಣ್ಣು ಹಕ್ಕಿಯೂ ಕಾಗದವನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಬೆನ್ನಿನ ಗರಿಗಳೊಳಗೆ ಸಿಕ್ಕಿಸಿಕೊಳ್ಳುತ್ತದೆ. ಇದಕ್ಕೂ ಕೊಕ್ಕು ಸವೆಸುವುದೇ ಕಾರಣವೇ?

ಪೊಟರೆವಾಸಿ:
ಕ್ಷಮಿಸಿ, ನಿಮ್ಮದು ಬಡ್ಜಿ ಆಗಿರಲಾರದು. ಪಟ್ಟಿಗಳನ್ನು ಗರಿಯೊಳಗೆ ಸಿಕ್ಕಿಸಿಕೊಂಡು ಗೂಡಿಗೆ ಒಯ್ಯುವುದು ಆಫ್ರಿಕಾ ಮೂಲದ ಲವ್‌ಬರ್ಡ್‌ನ, ಅದರಲ್ಲೂ ಗುಲಾಬಿ ಮುಖದ ಬಗೆಯ, ಸ್ವಭಾವ. ಬಡ್ಜಿ ಆಸ್ಟ್ರೇಲಿಯಾದ ಹಕ್ಕಿ. ಅದು ಗೂಡಿಗೆ ಏನನ್ನೂ ಹೊತ್ತು ತರುವುದಿಲ್ಲ, ನೀಲಗಿರಿಯಂಥ ಮರಗಳ ಪೊಟರೆಯನ್ನು ಹುಡುಕಿ, ಒಳಗಿನ ಬರಿಯ ಮರದ ಮೇಲೆಯೇ ಮೊಟ್ಟೆಯಿಡುತ್ತದೆ. ಎರಡನ್ನೂ ಲವ್‌ಬರ್ಡ್ ಎಂದೇ ಕರೆಯುವ ರೂಢಿಯಿಂದ ಈ ಗೊಂದಲ ಆಗಾಗ ಆಗುತ್ತದೆ.

ಚಿನ್ನಿಯ ಕಡಿತವನ್ನು ಅರ್ಥಮಾಡಿಕೊಳ್ಳಲು ಈ ಪೊಟರೆಯೇ ಮುಖ್ಯ. ಪೊಟರೆಯನ್ನು ಕಡಿದು ತನಗೆ ಒಪ್ಪುವಂತೆ ಮಾಡಿಕೊಳ್ಳುವ ಕೆಲಸ ಹೆಣ್ಣಿನದು, ಹಾಗಾಗಿ ಗಂಡಿಗಿಂತ ಹೆಣ್ಣು ಬಡ್ಜಿಗಳೇ ಹೆಚ್ಚು ಕಡಿಯುತ್ತವೆ. ಹಸಿರುರೆಕ್ಕೆ ಅವರೇ, ಅವಳ ಮೂಗಿನ ಮೇಲಿನ ಭಾಗ ಕಂದಾಗಿ, ಒರಟಾಗಿ ದಪ್ಪವಾಗಿದೆಯೇ? ಕಪಾಟಿನಲ್ಲಿ ಪುಸ್ತಕಗಳ ಹಿಂದಿನ ಕತ್ತಲೆಯ ಸಂದಿಗೆ ನುಗ್ಗುತ್ತಾಳೆಯೇ?

ಹಸಿರುರೆಕ್ಕೆ:
ನೀವು ನಮ್ಮ ಮನೆಗೆ ಬಂದು ನೋಡಿದಂತೆ ಬರೆದಿದ್ದೀರಿ. ಮೂಗು ಗಾಢ ಕಂದು. ಪುಸ್ತಕಗಳ ಹಿಂದೆ ನುಗ್ಗಿ ಅರ್ಧ ಗಂಟೆ ಹೊರಗೆ ಬರುವುದಿಲ್ಲ, ಕೈ ಹಾಕಿದರೆ ಕಚ್ಚುತ್ತಾಳೆ.

ಪೊಟರೆವಾಸಿ:
ಹಾಗಾದರೆ ಅವಳು ಗೂಡು ಕಟ್ಟುವ ಮನಃಸ್ಥಿತಿಯಲ್ಲಿದ್ದಾಳೆ. ಆ ಸಂದಿಯನ್ನು ಮುಚ್ಚಿ, ಗೂಡಿನ ಪೆಟ್ಟಿಗೆಯಿದ್ದರೆ ತೆಗೆದುಬಿಡಿ, ರಾತ್ರಿ ಬೇಗ ದೀಪ ಆರಿಸಿ ಹತ್ತರಿಂದ ಹನ್ನೆರಡು ಗಂಟೆಯ ಕತ್ತಲೆ ಸಿಗುವಂತೆ ಮಾಡಿ. ಬೆಳಕು ದೀರ್ಘವಾಗಿದ್ದಷ್ಟೂ ಅವಳ ದೇಹ ಮೊಟ್ಟೆಯಿಡುವ ಕಾಲವೆಂದೇ ತಿಳಿಯುತ್ತದೆ. ಕಡಿಯುವುದನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ, ಅದು ಅವಳಿಗೆ ಹಸಿವಿನಷ್ಟೇ ಸಹಜವಾದದ್ದು. ಚೌಕಟ್ಟಿನ ಬದಲು ಬೇರೆ ಮರ ಕೊಡಿ.

ನೀಲಿಮೂಗು:
ನಾವು ಸೀಬೆಯ ಎಳೆಯ ಕೊಂಬೆಗಳನ್ನು ಕೊಡುತ್ತೇವೆ. ಸೇಬಿನ ಮರದ್ದೂ ಆಗುತ್ತದೆ. ಔಷಧ ಸಿಂಪಡಿಸಿರದ ಗಿಡದಿಂದ ತಂದು, ಚೆನ್ನಾಗಿ ತೊಳೆದು ಒಣಗಿಸಿ ಇಡಬೇಕು. ಕಣಗಿಲೆಯ ಕೊಂಬೆಯನ್ನು ಹತ್ತಿರಕ್ಕೂ ತರಬೇಡಿ, ಅದರ ಎಲೆ, ತೊಗಟೆ ಎಲ್ಲವೂ ವಿಷ. ಬೆಣ್ಣೆಹಣ್ಣಿನ ಗಿಡವೂ ಹಣ್ಣೂ ಹಕ್ಕಿಗಳಿಗೆ ಆಗುವುದಿಲ್ಲ. ಪ್ಲೈವುಡ್ ಚೂರು ಸಿಕ್ಕಿತೆಂದು ಕಟ್ಟಬೇಡಿ, ಅದರ ಪದರಗಳ ನಡುವೆ ಅಂಟಿರುತ್ತದೆ.

ಮನೆಯೊಳಗೆ ಬಿಡುವವರು ವಿದ್ಯುತ್ ತಂತಿಗಳನ್ನು ಮೊದಲು ಮರೆಮಾಡಬೇಕು. ನಂತರ ಲೋಹಗಳ ಕಡೆ ನೋಡಬೇಕು: ಹಳೆಯ ಬಣ್ಣದಲ್ಲಿಯೂ ಪರದೆಯ ಅಂಚಿಗೆ ಭಾರಕ್ಕೆಂದು ಹೊಲಿದ ಗುಂಡುಗಳಲ್ಲಿಯೂ ಸೀಸವಿರಬಹುದು, ಅಗ್ಗದ ಗಂಟೆ, ಕೊಕ್ಕೆಗಳ ಮೇಲೆ ಸತುವಿನ ಲೇಪವಿರಬಹುದು. ಎರಡೂ ಚೂರುಚೂರಾಗಿ ಹೊಟ್ಟೆಗೆ ಹೋದರೆ ವಿಷವೇರುತ್ತದೆ. ಹಗ್ಗದ ಆಟಿಕೆಯ ಎಳೆಗಳು ಬಿಚ್ಚಿಕೊಂಡರೆ ಬೆರಳಿಗೆ ಸುತ್ತಿಕೊಳ್ಳುತ್ತವೆ, ನುಂಗಿದರೆ ಕುತ್ತಿಗೆಯ ಕೆಳಗಿನ ಮೇವಿನ ಚೀಲದಲ್ಲಿ ಸಿಕ್ಕಿಕೊಳ್ಳುತ್ತವೆ.

ಪಂಜರಮಿತ್ರ:
ಸಮುದ್ರನೊರೆಯ ತುಂಡೊಂದನ್ನು ಪಂಜರಕ್ಕೆ ಕಟ್ಟಿದರೆ ಕೊಕ್ಕು ತಾನೇ ಸವೆಯುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ?

ಗರಿಗಣಕ:
ಸಮುದ್ರನೊರೆ ಇರಬೇಕು, ಆದರೆ ಅದಕ್ಕಾಗಿ ಅಲ್ಲ. ಕಟಲ್‌ಫಿಷ್ ಎಂಬ ಸಮುದ್ರಜೀವಿಯ ಒಳಚಿಪ್ಪಾದ ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯಿಡುವ ಹೆಣ್ಣಿಗಂತೂ ಅದು ಬಹಳ ಅಗತ್ಯ, ಕ್ಯಾಲ್ಸಿಯಂ ಸಾಲದೆ ಹೋದರೆ ಮೊಟ್ಟೆ ದೇಹದಲ್ಲೇ ಸಿಕ್ಕಿಕೊಂಡು ಪ್ರಾಣಕ್ಕೆ ಕುತ್ತು ಬರಬಹುದು. ಆದರೆ ನಮ್ಮ ಉಗುರಿನಿಂದ ಗೀರಿದರೂ ಪುಡಿಯಾಗುವಷ್ಟು ಮೆತ್ತಗಿರುವ ವಸ್ತು ಕೊಕ್ಕನ್ನು ಎಷ್ಟು ತಾನೇ ಸವೆಸೀತು? ಮೆತ್ತನೆಯ ಮುಖ ಹಕ್ಕಿಯ ಕಡೆಗಿರುವಂತೆ ಕಟ್ಟಿ.

ಕೋಲುಗಳಿಗೆ ಸುತ್ತುವ ಸ್ಯಾಂಡ್‌ಪೇಪರ್ ಹೊದಿಕೆಗಳನ್ನು ಮಾತ್ರ ತರಬೇಡಿ. ಅವು ಕೊಕ್ಕಿಗೆ ಏನೂ ಮಾಡದೆ ಅಂಗಾಲನ್ನು ತರಚಿ ಹುಣ್ಣು ಮಾಡುತ್ತವೆ. ಬೇರೆ ಬೇರೆ ದಪ್ಪದ ನೈಸರ್ಗಿಕ ಕೊಂಬೆಗಳೇ ಉತ್ತಮ. ಒರಟು ಕೋಲೊಂದು ಬೇಕೆನಿಸಿದರೆ ಊಟದ ಬಟ್ಟಲಿನ ಹತ್ತಿರ ಇಡಿ, ರಾತ್ರಿ ಮಲಗುವ ಎತ್ತರದಲ್ಲಿ ಬೇಡ.

ಹಸಿರುರೆಕ್ಕೆ:
ಎಲ್ಲರಿಗೂ ಸುದ್ದಿ ಹೇಳಲು ಬಂದೆ. ಇಂದು ಬೆಳಿಗ್ಗೆ ಚಿನ್ನಿಯನ್ನು ವೈದ್ಯರಿಗೆ ತೋರಿಸಿದೆವು. ತಕ್ಕಡಿಯಲ್ಲಿ ಅವಳು 52 ಗ್ರಾಂ ತೂಗಿದಳು. ಅವಳು ದುಂಡಗೆ ಮುದ್ದಾಗಿದ್ದಾಳೆ ಎಂದುಕೊಂಡಿದ್ದ ನಮಗೆ ಅದು ಕೊಬ್ಬು ಎಂದು ತಿಳಿದಾಗ ಮುಖ ಸಪ್ಪೆಯಾಯಿತು. ವೈದ್ಯರು ಹೊಟ್ಟೆಯ ಗರಿಗಳನ್ನು ಸ್ಪಿರಿಟ್‌ನಲ್ಲಿ ಒದ್ದೆ ಮಾಡಿ ಪಕ್ಕಕ್ಕೆ ಸರಿಸಿ, ತೆಳ್ಳನೆಯ ಚರ್ಮದಡಿಯಲ್ಲಿ ಹಿಗ್ಗಿದ ಯಕೃತ್ತಿನ ಅಂಚನ್ನು ನಮಗೇ ತೋರಿಸಿದರು. ರಕ್ತ ಪರೀಕ್ಷೆಯ ಫಲಿತಾಂಶವೂ ಅದನ್ನೇ ಹೇಳಿತು. ಕೊಕ್ಕಿನೊಳಗಿನ ಗೆರೆಗಳು ಒಸರಿದ ರಕ್ತದವೇ ಅಂತೆ.

ಕೊಕ್ಕನ್ನು ಸಣ್ಣ ತಿರುಗುವ ಅರವೊಂದರಿಂದ ಉಜ್ಜಿದರು, ಎರಡು ನಿಮಿಷವೂ ಹಿಡಿಯಲಿಲ್ಲ. ಒಂದು ಬಾರಿಗೆ ಪೂರ್ತಿ ಅಳತೆಗೆ ತರದೆ ಸ್ವಲ್ಪ ಉಳಿಸಿ, ರಕ್ತನಾಳ ಹಿಂದೆ ಸರಿಯಲೆಂದು ಆರು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಕಾಳು ಕಡಿಮೆ ಮಾಡಿ ಪೆಲೆಟ್ (ಹಕ್ಕಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ) ಮತ್ತು ಹಸಿರು ಸೊಪ್ಪಿಗೆ ನಿಧಾನವಾಗಿ ಒಗ್ಗಿಸಬೇಕು.

ನೀಲಿಮೂಗು:
ಆ ನಿಧಾನವಾಗಿ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾಳು ತಿಂದೇ ಬೆಳೆದ ಬಡ್ಜಿಗೆ ಪೆಲೆಟ್ ಆಹಾರವೆಂದೇ ಗೊತ್ತಾಗುವುದಿಲ್ಲ, ತುಂಬಿದ ಬಟ್ಟಲಿನ ಮುಂದೆಯೇ ಅದು ಉಪವಾಸ ಬೀಳಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಕೋಲೊಂದನ್ನಿಟ್ಟು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಬಟ್ಟಲಿನಲ್ಲಿ ಬಿದ್ದಿರುವುದು ಕಾಳೋ ಬರೀ ಸಿಪ್ಪೆಯೋ ಎಂಬುದನ್ನು ಊದಿ ನೋಡಿ. ತೂಕ ಒಂದೆರಡು ದಿನದಲ್ಲಿ ಸರ್ರನೆ ಇಳಿದರೆ ಮತ್ತೆ ಕಾಳಿಗೆ ಮರಳಿ ವೈದ್ಯರಿಗೆ ಫೋನ್ ಮಾಡಿ.

ಮೂರುಜೋಡಿ:
ನಮ್ಮದೂ ನುಸಿಯೇ. ಮೊದಲ ಹನಿ ಔಷಧ ಬಿತ್ತು, ಇನ್ನೆರಡು ಹನಿಗಳು ಎರಡು ವಾರಕ್ಕೊಂದರಂತೆ ಬಾಕಿ ಇವೆ. ಉಳಿದ ಐದರಲ್ಲಿ ಒಂದರ ಕಾಲಿನಲ್ಲೂ ಹುರುಪೆ ಶುರುವಾಗಿತ್ತು, ನಾನು ಗಮನಿಸಿರಲಿಲ್ಲ. ಕೊಕ್ಕನ್ನು ಅವರೇ ಉಜ್ಜಿದರು. ಹಸಿರುರೆಕ್ಕೆ ಅವರೇ, ಚಿನ್ನಿ ಈಗ ಹೇಗಿದ್ದಾಳೆ?

ಹಸಿರುರೆಕ್ಕೆ:
ಮನೆಗೆ ಬಂದ ಮೇಲೆ ಒಂದು ಗಂಟೆ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು ಕುಳಿತಿದ್ದಳು. ಸಂಜೆ ಸೀಬೆಯ ಕೊಂಬೆಯೊಂದನ್ನು ತೊಳೆದು ಒಣಗಿಸಿ ಕಟ್ಟಿದೆ. ಮೊದಲು ದೂರದಿಂದ ನೋಡಿದಳು, ನಂತರ ಹತ್ತಿರ ಬಂದು ತೊಗಟೆಯನ್ನು ನಾಲಿಗೆಯಿಂದ ಮುಟ್ಟಿದಳು, ಈಗ ಅದನ್ನು ಎಳೆಎಳೆಯಾಗಿ ಸುಲಿದು ಕೆಳಗೆ ಬೀಳಿಸುತ್ತಿದ್ದಾಳೆ. ಚೌಕಟ್ಟಿನ ಮೂಲೆಗೆ ಹಲಗೆಯೊಂದನ್ನು ಅಡ್ಡ ಇಟ್ಟಿದ್ದೇನೆ, ಪುಸ್ತಕಗಳ ಹಿಂದಿನ ಸಂದಿಯನ್ನೂ ಮುಚ್ಚಿದ್ದೇನೆ. ಸೀಬೆಯ ಎಲೆಗಳನ್ನೂ ತಿನ್ನುತ್ತಿದ್ದಾಳೆ, ಅವು ಇದ್ದರೆ ತೊಂದರೆಯಿಲ್ಲವೇ?

ನೀಲಿಮೂಗು:
ತೊಂದರೆಯಿಲ್ಲ, ನಮ್ಮವೂ ತಿನ್ನುತ್ತವೆ. ಬಾಡಿದ ಎಲೆಗಳನ್ನು ಮಾತ್ರ ಮರುದಿನ ತೆಗೆದುಬಿಡಿ.